ಸಮವಸ್ತ್ರದವರು ಹೆಸರು ಹಿಡಿದು ಕೇಳಿದ ದಿನ

ವಾಷಿಂಗ್ಟನ್ನಿನ ಪೇಟೆ ನಡುವಿನ ಆ ಹಳೇ ಚರ್ಚಿನಲ್ಲಿ ಮಂಗಳವಾರ ಮಧ್ಯಾಹ್ನ ಪುಕ್ಕಟೆ ಸಂಗೀತ. ಕಚೇರಿಯವರು ಊಟದ ಪೊಟ್ಟಣ ಹಿಡಿದು ಬರುವರು. ಚಳಿ ಬಿತ್ತೆಂದರೆ ಮನೆಮಠವಿಲ್ಲದವರೂ ಬಂದು ಹಿಂದಿನ ಬೆಂಚು ಹಿಡಿಯುವರು. ಬಾಗಿಲಲ್ಲಿ ನಿಂತು ಎಲ್ಲರನ್ನೂ ಕರೆದು ಕೂರಿಸುವವಳು ಒಡೆಸ್ಸಾ ಪಿಂಕ್ನಿ. ಅಂಚೆ ಕಚೇರಿಯಿಂದ ನಿವೃತ್ತಳಾಗಿ, ಗಂಡನೂ ತೀರಿಕೊಂಡ ಮೇಲೆ ಈ ಕೆಲಸವನ್ನು ತಾನಾಗಿ ಮೈಮೇಲೆ ಹಾಕಿಕೊಂಡಿದ್ದಳು. ಗೊರಕೆ ಹೊಡೆಯುವವರನ್ನು ಭುಜ ಮುಟ್ಟಿ ಎಬ್ಬಿಸುವಳು. ಚಿಪ್ಸ್ ಪೊಟ್ಟಣ ಪರಪರ ಅನ್ನಿಸುವವರನ್ನು ಕಣ್ಣಲ್ಲೇ ಅಡಗಿಸುವಳು.

ಆ ವರ್ಷ ಅವಳ ಒಬ್ಬಳೇ ಮಗಳು ರೆನೀಟಾ ಇರಾಕಿನಲ್ಲಿ ಸೈನ್ಯದ ಲಾರಿ ಓಡಿಸುತ್ತಿದ್ದಳು. ಭಾನುವಾರ ತಪ್ಪದೆ ಫೋನ್ ಮಾಡುತ್ತಿದ್ದವಳು ಈಚೆಗೆ ಮಾಡಿರಲಿಲ್ಲ. ಒಡೆಸ್ಸಾ ಟೀವಿ ಹಾಕುವುದನ್ನೇ ಬಿಟ್ಟಿದ್ದಳು. ಕೆಟ್ಟ ಸುದ್ದಿ ಫೋನಿನಲ್ಲಿ ಬರುವುದಿಲ್ಲ, ಇಸ್ತ್ರಿ ಮಾಡಿದ ಸಮವಸ್ತ್ರದ ಇಬ್ಬರು ಬಾಗಿಲಿಗೆ ಬಂದು ಪೂರ್ತಿ ಹೆಸರು ಕೇಳುತ್ತಾರೆ ಎಂದು ಸೈನಿಕರ ತಾಯಂದಿರಿಗೆಲ್ಲ ಗೊತ್ತು. ಬೀದಿಯಲ್ಲಿ ಕಾರು ನಿಂತ ಸದ್ದಾದರೆ ಮನೆಯ ದೀಪ ಆರಿಸಿಬಿಡುತ್ತಿದ್ದಳು.

ಅಂದು ಸೇನೆಯ ಗಾಯನ ತಂಡದ ಸರದಿ. ಪ್ರತಿವರ್ಷದಂತೆ ಬಸ್ಸಿನಲ್ಲಿ ಒಟ್ಟಿಗೆ ಬಂದಿಳಿಯುತ್ತಾರೆಂದು ಒಡೆಸ್ಸಾ ಬೆಂಚುಗಳ ಮೇಲೆ ಹಾಡಿನ ಹಾಳೆ ಇಡುತ್ತಿದ್ದಳು. ಅಷ್ಟರಲ್ಲಿ ಬಾಗಿಲು ತೆರೆಯಿತು. ಸಮವಸ್ತ್ರದ ಇಬ್ಬರು, ಕಂಕುಳಲ್ಲಿ ಟೋಪಿ.

"ಮಿಸೆಸ್ ಒಡೆಸ್ಸಾ ಪಿಂಕ್ನಿ ಅವರು ಎಲ್ಲಿ ಸಿಗ್ತಾರೆ ಮೇಡಂ?"

ಹಾಡುಗಾರರು ಎಂಬುದು ಅವಳ ತಲೆಗೇ ಹೊಳೆಯಲಿಲ್ಲ.

"ಅವಳಿವತ್ತು ಬಂದಿಲ್ಲ."

"ಯಾವಾಗ ಬರ್ತಾರೆ?"

"ಇನ್ಮೇಲೆ ಬರೋದೇ ಇಲ್ಲ," ಎಂದವಳೇ ಚರ್ಚಿನ ಅಡುಗೆಮನೆಗೆ ನಡೆದು ಒಳಗಿನಿಂದ ಚಿಲಕ ಹಾಕಿಕೊಂಡಳು. ಅವರು ಬಾಯಿ ಬಿಡುವವರೆಗೂ ರೆನೀಟಾ ಎಲ್ಲೋ ಲಾರಿ ಓಡಿಸುತ್ತಲೇ ಇರುತ್ತಾಳೆ. ಕೇಳಿಸಿಕೊಳ್ಳದಿದ್ದರಾಯಿತು.

ಸ್ವಲ್ಪ ಹೊತ್ತಿಗೆ ಚರ್ಚು ನೋಡಿಕೊಳ್ಳುವ ಮುದುಕ ಲೈಲ್ ಬಾಗಿಲು ಬಡಿದ. "ಒಡೆಸ್ಸಾ, ತೆಗಿಯೇ! ಪಿಯಾನೋ ಸರಿಸೋಕೆ ಇಬ್ಬರು ಗಟ್ಟಿಮುಟ್ಟಾದ ಗಂಡಸರು ಬಂದವ್ರೆ, ನೀನಿಲ್ಲಿ ಕಾಫಿ ಜೊತೆ ಸರಸ ಆಡ್ತಾ ಕೂತಿದ್ಯಾ?"

"ಕಳಿಸಿಬಿಡು ಅವರನ್ನ."

"ಕಳಿಸಿದ್ರೆ ಹಾಡೋರ್ಯಾರು, ನಾನಾ? ಇರೋ ನಾಲ್ಕು ಜನಾನೂ ಎದ್ದು ಹೋಗ್ತಾರೆ."

ಒಳಗಿನಿಂದ ಸಣ್ಣ ದನಿ: "ಹಾಡೋಕಾ ಬಂದಿರೋದು?"

ಚಿಲಕ ತೆಗೆದಳು. ಹೊಸ್ತಿಲ ಮೇಲೇ ಕೂತುಬಿಟ್ಟಳು. ಬಂದಿದ್ದ ಇಬ್ಬರಲ್ಲೊಬ್ಬ, ಲೈಲ್ ಹಿಂದೆ ನಿಂತಿದ್ದ ಸಾರ್ಜೆಂಟ್ ಫೆಂಟನ್, ಅವಳ ಮುಖ ನೋಡಿದ; ಅವನ ಮುಖವೂ ಬಿಳಿಚಿಕೊಂಡಿತು.

"ನಿಮ್ಮೋರು ಯಾರಾದ್ರೂ ಅಲ್ಲಿದಾರಾ ಮೇಡಂ?"

"ಮಗಳು."

ಅವನು ಅವಳೆದುರು ಕುಕ್ಕರುಗಾಲಲ್ಲಿ ಕೂತ. "ನಾವು ಬರೀ ಹಾಡೋರು. ದೊಡ್ಡೋರ ಕಾರು ಹೋಗಬೇಕು ಅಂತ ರಸ್ತೆ ಮುಚ್ಚವ್ರೆ, ಬಸ್ಸು ಸಿಕ್ಕಿಕೊಂಡಿದೆ. ತಡ ಆಗುತ್ತೆ, ನಿಮಗೆ ತಿಳಿಸಿ ಅಂದ್ರು, ನಡ್ಕೊಂಡು ಬಂದ್ವಿ. ತಪ್ಪಾಯ್ತು."

"ಹಾಡೋರು ಹಾಡೋರ ಥರ ಬರಬೇಕಪ್ಪ!" ಎಂದು ಅವನ ಭುಜಕ್ಕೊಂದು ಗುದ್ದಿದಳು. ಅದೇ ಕೈಯಿಂದ ಅವನ ತೋಳು ಹಿಡಿದು ಅತ್ತಳು.

ಬಸ್ಸು ಬಂತು, ಹಾಡೂ ಆಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿದ್ದ ಒಡೆಸ್ಸಾಳಿಗೆ ಒಂದು ಸಾಲೂ ಕಿವಿಗೆ ಬೀಳಲಿಲ್ಲ. ಇವರಲ್ಲ ಅಂದಮಾತ್ರಕ್ಕೆ ಬೇರೆ ಇಬ್ಬರು ಬರುವುದಿಲ್ಲವೆಂದೇನು? ಹೊರಡುವಾಗ ಫೆಂಟನ್, "ಮಗಳು ಯಾವ ದಳ ಹೇಳಿ, ವಿಚಾರಿಸ್ತೀನಿ," ಅಂದ.

"ಬೇಡ. ವಿಚಾರಿಸಿದ್ರೆ ಉತ್ತರ ಬರುತ್ತೆ."

ಆ ವಾರದ ಕೊನೆಗೆ ಫೋನು ಬಂತು. ರೆನೀಟಾಳೇ. ಅವರ ಲಾರಿಗಳ ಸಾಲಿನಲ್ಲಿ ಒಬ್ಬ ಹುಡುಗ ಸತ್ತಿದ್ದ; ಅವನ ಮನೆಯವರಿಗೆ ತಿಳಿಸುವ ತನಕ ಶಿಬಿರದ ಫೋನುಗಳನ್ನೆಲ್ಲ ನಿಲ್ಲಿಸಿದ್ದರಂತೆ.

"ತಾಯಿ ಇದಾಳೇನೇ ಅವನಿಗೆ?" ಒಡೆಸ್ಸಾ ಕೇಳಿದಳು.

"ಇದಾಳಮ್ಮ. ಒಹಾಯೊದಲ್ಲಿ."

ಮಗಳ ದನಿ ಕೇಳಿದ ಖುಷಿ ಅಲ್ಲಿಗೇ ನಿಂತಿತು. ಕಂಡಿರದ ಆ ಹೆಂಗಸು ಬಾಗಿಲು ತೆರೆದಳೋ, ತನ್ನಂತೆ 'ಅವಳಿಲ್ಲ' ಎಂದಳೋ.

ವಸಂತದಲ್ಲಿ ರೆನೀಟಾ ಊರಿಗೆ ಮರಳಿದಳು, ಬಲಗಿವಿ ಮಂದವಾಗಿತ್ತು, ಅಷ್ಟೇ. ಒಡೆಸ್ಸಾ ಈಗಲೂ ಮಂಗಳವಾರ ಬಾಗಿಲಲ್ಲಿ ನಿಲ್ಲುತ್ತಾಳೆ. ಹಾಡು ನಡೆಯುವಾಗ ಮಾತ್ರ ಬೀದಿಗೆ ಬೆನ್ನು ಹಾಕುವುದಿಲ್ಲ.