ಬೀರಪ್ಪ ಕಂಡ ಕಂಬಳಿ ಮೀನು

ಹತ್ತಿಮತ್ತೂರಿನಲ್ಲಿ ಯಾರದಾದರೂ ಕೊಡ ಬಾವಿಗೆ ಬಿದ್ದರೆ ಮೊದಲು ಅತ್ತೆ ಸೊಸೆಯನ್ನು ಬೈಯುತ್ತಿದ್ದಳು. ಆಮೇಲೆ ಓಣಿಯ ಗಂಡಸರು ಸೇರಿ, ಕೊಕ್ಕೆಗಳ ಗೊಂಚಲಾದ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಒಬ್ಬರಿಗೊಬ್ಬರು ಬುದ್ಧಿ ಹೇಳುತ್ತ ಅರ್ಧ ದಿನ ಕಳೆಯುತ್ತಿದ್ದರು. ಕಡೆಗೆ ಗರಡಿಯೂ ಬಾವಿಯ ತಳದಲ್ಲೇ ಸಿಕ್ಕಿಕೊಂಡ ಮೇಲೆ ಬೀರಪ್ಪನಿಗೆ ಹೇಳಿಕಳಿಸುತ್ತಿದ್ದರು. ಅವನನ್ನು ಮೊದಲೇ ಕರೆದರೆ ಊರ ಗಂಡಸರ ಮರ್ಯಾದೆ ಏನಾಗಬೇಕು?

ಬೀರಪ್ಪ ಕುರಿ ಕಾಯುವ ಮನೆತನದವನು. ಕುರಿ ಅವನ ಮಾತು ಕೇಳುತ್ತಿರಲಿಲ್ಲ, ನೀರು ಕೇಳುತ್ತಿತ್ತು. ಒಬ್ಬ ಮನುಷ್ಯ ಸಾವಕಾಶವಾಗಿ ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ ಬಾಯಿಗೆ ಹಾಕಿಕೊಳ್ಳುವವರೆಗೂ ಅವನು ಉಸಿರು ಕಟ್ಟಿ ತಳದಲ್ಲಿರುತ್ತಿದ್ದ. ಬಾವಿಯ ತಳ ಅಂದರೆ ಕತ್ತಲೆ, ಕೆಸರು. ಅಲ್ಲಿ ಕಣ್ಣಿಗೆ ಕೆಲಸವಿಲ್ಲ. ಕೈಯಿಂದ ತಡವಿ ಕೊಡ ಯಾವುದು, ಕಲ್ಲು ಯಾವುದು ಎಂದು ತಿಳಿಯಬೇಕು. ಕೆಲವೊಮ್ಮೆ ಕೈಗೆ ಸಿಗುವುದು ಕೊಡವಾಗಿರುತ್ತಿರಲಿಲ್ಲ. ಅಂಥ ದಿನ ಅವನು ಮನೆಗೆ ಬಂದು ಊಟ ಮಾಡದೆ ಮಲಗುತ್ತಿದ್ದ. ಹೆಂಡತಿ ದ್ಯಾಮವ್ವ ಅವನ ಪಾಲಿನ ರೊಟ್ಟಿ ಮುಚ್ಚಿಡುತ್ತಿದ್ದಳು.

೧೯೪೨ರ ಬೇಸಿಗೆಯಲ್ಲಿ ಯುದ್ಧಕ್ಕೆ ಜನ ಸೇರಿಸಿಕೊಳ್ಳುವ ಭರತಿಯವರು ಸವಣೂರಿಗೆ ಬಂದರು. ಜರ್ಮನಿಯವರಿಗೂ ಹತ್ತಿಮತ್ತೂರಿನವರಿಗೂ ಯಾವ ಜಗಳವೂ ಇರಲಿಲ್ಲ. ಆದರೆ ಜಗಳವಿಲ್ಲ ಎಂಬ ಕಾರಣಕ್ಕೆ ಸರಕಾರ ಯಾರನ್ನೂ ಬಿಡುವಂತಿರಲಿಲ್ಲ. ವೀಳ್ಯದೆಲೆ ಮಾರಲು ಸಂತೆಗೆ ಹೋಗಿದ್ದ ಬೀರಪ್ಪ ಜನ ಸಾಲು ನಿಂತದ್ದನ್ನು ನೋಡಿ ತಾನೂ ನಿಂತ. ಸಾಲು ಯಾತಕ್ಕೆಂದು ಅವನಿಗೆ ಗೊತ್ತಿರಲಿಲ್ಲ.

"ನಿನಗೇನ ಕೆಲಸ ಬರ್ತೈತಿ?" ಎಂದು ಕಾರಕೂನ ಕೇಳಿದ.

"ನೀರಾಗ ಮುಳುಗಿ ಸಾಮಾನ ತಗೀತೇನ್ರಿ."

ಯಾವ ನೀರು ಎಂದು ಕಾರಕೂನ ಕೇಳಲಿಲ್ಲ, ಬೀರಪ್ಪ ಹೇಳಲೂ ಇಲ್ಲ. ಕಾಗದದ ಮೇಲೆ ಅವನು ಸಮುದ್ರದ ಮುಳುಗುಗಾರನಾದ. ಅಲ್ಲಿಯವರೆಗೆ ಅವನು ನೋಡಿದ್ದ ಅತಿ ದೊಡ್ಡ ನೀರು ಹಾನಗಲ್ಲಿನ ಆನಿಕೆರೆ.

ಯಲವಿಗಿ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ಜೊತೆಗೆ ಸವಣೂರಿನ ಖಾದರಸಾಬ ಸಿಕ್ಕ. ಅವನು ಮದುವೆ ಮನೆಗಳಲ್ಲಿ ಅಡಿಗೆ ಮಾಡುವವನು, ಈಗ ಹಡಗಿನ ಅಡಿಗೆಯವನು. ಹಿಂದುಸ್ತಾನಿ ಬರುತ್ತಿದ್ದುದರಿಂದ ಅವನೇ ಬೀರಪ್ಪನ ದುಭಾಷಿಯೂ ಆದ. ಸಾಹೇಬರು ಹತ್ತು ಮಾತು ಬೈದರೆ ಅವನು ಕನ್ನಡದಲ್ಲಿ ಎರಡೇ ಹೇಳುತ್ತಿದ್ದ. ಉಳಿದ ಎಂಟನ್ನು ಗೆಳೆತನಕ್ಕೆ ಬಿಟ್ಟುಕೊಡುತ್ತಿದ್ದ.

ಮುಂಬಯಿಯಿಂದ ಹಡಗು ಅವರನ್ನು ದಕ್ಷಿಣದ ಯಾವುದೋ ದ್ವೀಪಕ್ಕೆ ಒಯ್ದಿತು. ಅದರ ಹೆಸರು ಯುದ್ಧದ ಗುಟ್ಟು, ಯಾರಿಗೂ ಹೇಳುವಂತಿರಲಿಲ್ಲ. ಆದ್ದರಿಂದ ಅಲ್ಲಿ ಹನ್ನೆರಡು ತಿಂಗಳಿದ್ದ ಬೀರಪ್ಪನಿಗೂ ಯಾರೂ ಹೇಳಲಿಲ್ಲ. ವೈರಿಗಳು ಹಿಡಿದು ಚಿತ್ರಹಿಂಸೆ ಕೊಟ್ಟಿದ್ದರೂ ಅವನಿಂದ ಗುಟ್ಟು ಹೊರಬೀಳುವ ಭಯವಿರಲಿಲ್ಲ. ತೆಂಗಿನ ಗಿಡ, ಬಿಳಿ ಮರಳು, ಸುತ್ತ ಹವಳದ ಬಂಡೆಗಳ ಗೋಡೆ, ಗೋಡೆಯೊಳಗೆ ನಿಂತ ಹಡಗುಗಳು, ಇಷ್ಟೇ ಆ ಊರು.

ಅವನ ಕೆಲಸ ಲಂಗರದ ಹಗ್ಗ ಸರಪಳಿಗಳನ್ನು ಕೆಳಗೆ ಹೋಗಿ ನೋಡುವುದು ಎಂದು ಕಾಗದದಲ್ಲಿತ್ತು. ನಿಜವಾಗಿ ಮಾಡಿದ ಕೆಲಸ ಊರಿನದೇ. ಸಾಹೇಬರು ನೀರಿಗೆ ಬೀಳಿಸಿದ್ದನ್ನು ತೆಗೆದು ಕೊಡುವುದು. ಮೊದಲ ತಿಂಗಳಲ್ಲಿ ಎರಡು ದುರ್ಬೀನು, ಒಂದು ಚಿಲುಮೆ, ಒಂದು ಬೂಟು ತೆಗೆದ. ಅವರ ದಳದ ಕೆಂಪು ಮೂಗಿನ ಸಾಹೇಬರು ಮಧ್ಯಾಹ್ನದ ಮೇಲೆ ಕೈಯಲ್ಲಿ ಏನನ್ನೂ ಗಟ್ಟಿಯಾಗಿ ಹಿಡಿಯುತ್ತಿರಲಿಲ್ಲ, ಗ್ಲಾಸೊಂದನ್ನು ಬಿಟ್ಟು.

ಆದರೆ ನೀರು ಊರಿನದಲ್ಲ. ಸಾಹೇಬರು ರಬ್ಬರ್ ಪಟ್ಟಿಯ ಕನ್ನಡಕ ಕೊಟ್ಟಿದ್ದರು. ಅದನ್ನು ಹಾಕಿಕೊಂಡು ಮೊದಲ ಸಲ ಮುಳುಗಿದಾಗ ಬೀರಪ್ಪ ಹೆದರಿ ಮೇಲೆ ಬಂದ. ನೀರೊಳಗೆ ಕಣ್ಣು ಕಾಣುವುದೆಂದರೆ ಅವನಿಗೆ ಅದು ಬಟ್ಟೆಯಿಲ್ಲದೆ ನಿಂತಂತೆ. ಕೆಳಗೆ ಬೆಳಕಿತ್ತು, ಬಣ್ಣವಿತ್ತು, ಹೊಲದ ಹಾಗೆ ದೂರದವರೆಗೂ ತಳ ಕಾಣುತ್ತಿತ್ತು.

ಆ ವರ್ಷದ ಶ್ರಾವಣದಲ್ಲಿ, ಬಂಡೆಯ ಪಕ್ಕ ಹಗ್ಗದ ಗಂಟು ನೋಡುತ್ತಿದ್ದಾಗ ಮೇಲಿನ ಬಿಸಿಲು ಹೋಯಿತು. ಮೋಡ ಬಂತೆಂದು ತಲೆಯೆತ್ತಿದ. ಮೋಡಕ್ಕೆ ಜೀವವಿತ್ತು. ಮನೆಯ ಮುಂದೆ ಹಾಸುವ ದೊಡ್ಡ ಕರಿ ಕಂಬಳಿಗಳನ್ನು ಎರಡೆರಡು ಸೇರಿಸಿ ಹೊಲಿದಷ್ಟು ಅಗಲ. ಎರಡು ತುದಿಗಳು ಮೆಲ್ಲಗೆ ಮೇಲೇಳುತ್ತಿದ್ದವು, ಇಳಿಯುತ್ತಿದ್ದವು. ಹೊಟ್ಟೆ ಹಾಲಿನ ಬಿಳಿ, ಅದರ ಮೇಲೆ ಮಸಿ ಚಿಮುಕಿಸಿದಂಥ ಚುಕ್ಕೆ. ಬಾಯಿಯ ಎರಡೂ ಕಡೆ ಕೊಂಬಿನಂತೆ ಸುರುಳಿ ಸುತ್ತಿದ ತೊಗಲು. ಬಾಯಿ ಎಷ್ಟು ಅಗಲವೆಂದರೆ ಬೀರಪ್ಪ ಬಗ್ಗದೆ ಒಳಗೆ ಹೋಗಬಹುದಿತ್ತು.

ಅದು ಅವನನ್ನು ತಿನ್ನಲಿಲ್ಲ. ಬಂಡೆಯ ಮೇಲೆ ಬಂದು ತಡೆದು ನಿಂತಿತು. ಬಂಡೆಯ ಸಂದಿಯಿಂದ ಬೆರಳುದ್ದದ ಮೀನುಗಳು ಹೊರಟು ಅದರ ಹೊಟ್ಟೆ, ಕಿವಿರು, ಬಾಯೊಳಗೆಲ್ಲ ಓಡಾಡಿ ಹೆಕ್ಕಿ ಹೆಕ್ಕಿ ಚೊಕ್ಕ ಮಾಡತೊಡಗಿದವು. ಹಜಾಮನ ಮುಂದೆ ಗದ್ದ ಎತ್ತಿ ಕುಳಿತ ಗೌಡನ ಹಾಗೆ ಅದು ಅಲ್ಲಾಡದೆ ಮಾಡಿಸಿಕೊಂಡಿತು. ಒಂದು ಕಣ್ಣು ಬೀರಪ್ಪನ ಕಡೆಗಿತ್ತು. ಅವನು ಉಸಿರು ಮುಗಿಯುವವರೆಗೂ ಅಲ್ಲೇ ಇದ್ದ.

ಮೇಲೆ ಬಂದು ದೋಣಿಯ ಅಂಚು ಹಿಡಿದು, "ಖಾದರಭಾಯಿ, ಕೆಳಗೊಂದು ಕಂಬಳಿ ಐತಿ. ಜೀವ ಇರೋ ಕಂಬಳಿ," ಎಂದ.

ಖಾದರಸಾಬ ಬಗ್ಗಿ ನೋಡಿದ. ನೀರಿನಲ್ಲಿ ದೊಡ್ಡ ಕಪ್ಪು ನೆರಳೊಂದು ಸರಿದು ಹೋಯಿತು. ಅವನು ದೋಣಿಯ ನಡುಮಧ್ಯಕ್ಕೆ ಸರಿದು ಕುಳಿತು, "ಇದನ್ನ ಅಡಿಗಿ ಮಾಡಂತ ಹೇಳಲಿಲ್ಲಂದ್ರ ಸಾಕು," ಎಂದ.

ಸಾಹೇಬರ ಪುಸ್ತಕದಲ್ಲಿ ಅದಕ್ಕೆ ಸೈತಾನ ಮೀನು ಎಂದು ಹೆಸರಿತ್ತಂತೆ. ಬರಿಯ ನೀರೊಳಗಿನ ಹುಳ ಸೋಸಿ ತಿಂದು, ಕಚ್ಚಲು ಹಲ್ಲಿಲ್ಲದೆ, ಚುಚ್ಚಲು ಮುಳ್ಳಿಲ್ಲದೆ ಬದುಕುವ ಪ್ರಾಣಿಗೆ ಸೈತಾನನ ಹೆಸರು. ಊರೂರಿನ ಮೇಲೆ ಬಾಂಬು ಹಾಕುತ್ತಿದ್ದ ಜನಕ್ಕೆ ಹೆಸರಿಡುವ ಅಧಿಕಾರವಿತ್ತು, ಇಟ್ಟರು. ಆಮೇಲೆ ಬೀರಪ್ಪ ಅದನ್ನು ಹತ್ತಾರು ಸಲ ನೋಡಿದ. ಹೊಟ್ಟೆಯ ಚುಕ್ಕೆಗಳಿಂದ ಇದು ಅದೇ, ಇದು ಬೇರೆ ಎಂದು ಗುರುತಿಸುವುದನ್ನೂ ಕಲಿತ. ಕುರಿಗಳ ಗುರುತು ಹಿಡಿಯಲಾರದೆ ಅಪ್ಪನಿಂದ ಪೆಟ್ಟು ತಿಂದಿದ್ದ ಮನುಷ್ಯ.

ಮರುವರ್ಷ ಮಳೆಗಾಲಕ್ಕೆ ಮುಂಚೆ ಒಂದು ಮುಂಜಾನೆ ಸಾಹೇಬರು ದೋಣಿಯಲ್ಲಿ ಚಹಾ ಕುಡಿಯುತ್ತಿದ್ದಾಗ ದೋಣಿ ತಾನಾಗಿಯೇ ಹೊರಟಿತು. ಹುಟ್ಟು ಹಾಕುವವರಿಲ್ಲ, ಗಾಳಿಯಿಲ್ಲ. ಲಂಗರದ ಹಗ್ಗ ಬಿಲ್ಲಿನ ಹೆದೆಯಂತೆ ಬಿಗಿದು ಮುಂದಕ್ಕೆ ಎಳೆಯುತ್ತಿತ್ತು. ಬೀರಪ್ಪ ಬಗ್ಗಿ ನೋಡಿದ. ಹಗ್ಗ ಕಂಬಳಿ ಮೀನಿನ ಕೊಂಬಿಗೆ ಸಿಕ್ಕಿತ್ತು. ಹಿಂದಕ್ಕೆ ಈಜಲು ಅದಕ್ಕೆ ಬರುವುದಿಲ್ಲ. ಬಿಡಿಸಿಕೊಳ್ಳಲು ಹೊರಳಿದಷ್ಟೂ ಹಗ್ಗ ಮೈಗೆ ಸುತ್ತುತ್ತಿತ್ತು.

ಸಾಹೇಬರಿಗೆ ಬಹಳ ಖುಷಿಯಾಯಿತು. ಹಗ್ಗ ಜಗ್ಗಿ ಹಿಡಿಯಿರಿ, ದಂಡೆಯಿಂದ ಬಂದೂಕು ತರಿಸಿರಿ, ಫೋಟೋ ತೆಗೆಯುವವನನ್ನು ಕರೆಯಿರಿ ಎಂದರು. ವೈರಿಯ ಮುಖವನ್ನೇ ನೋಡದೆ ಒಂದು ವರ್ಷ ಕಳೆದ ವೀರರಿಗೆ ಇಂಥ ಅವಕಾಶ ಮತ್ತೆ ಸಿಗುತ್ತದೆಯೇ.

"ಕೆಳಗ ಹೋಗಿ ಹಗ್ಗ ಇನ್ನಷ್ಟು ಬಿಗಿ ಅಂತಾರ," ಎಂದು ಖಾದರಸಾಬ ಕನ್ನಡಕ್ಕೆ ತಂದ. ಆಮೇಲೆ ಅದೇ ದನಿಯಲ್ಲಿ, ಅದೂ ಸಾಹೇಬರ ಮಾತೇ ಎನ್ನುವಂತೆ, "ನನ್ನ ಚಾಕು ಒಯ್ಯಿ," ಎಂದ.

ಮೊದಲ ಸಲ ಮುಳುಗಿದಾಗ ಮೀನು ಬೆದರಿ ರೆಕ್ಕೆ ಬೀಸಿತು. ಬೀರಪ್ಪ ಬಂಡೆಗೆ ಬಡಿದು ಭುಜ ತರಚಿಕೊಂಡ. ಎರಡನೆಯ ಸಲ ಬೆನ್ನಿನ ಮೇಲೆ ಅಂಗೈ ಇಟ್ಟ. ಮೇಲೆ ಲೋಳೆ, ಅದರ ಕೆಳಗೆ ಹೊಸ ಕಂಬಳಿಯಂತೆ ಒರಟು. ಹಗ್ಗ ಮಾಂಸದೊಳಗೆ ಇಳಿದಿತ್ತು. ಮೂರನೆಯ ಸಲ ಹೋದಾಗ ಅದು ಅಲ್ಲಾಡದೆ ನಿಂತಿತ್ತು. ಸೋತು ನಿಂತಿತೋ, ತಿಳಿದು ನಿಂತಿತೋ ಅವನಿಗೆ ಗೊತ್ತಾಗಲಿಲ್ಲ. ಕೈಯಿಂದ ತಡವಿ, ಎಲ್ಲಿ ಹಗ್ಗ ಎಲ್ಲಿ ತೊಗಲು ಎಂದು ನೋಡಿಕೊಂಡು, ಎಳೆ ಎಳೆಯಾಗಿ ಕೊಯ್ದ. ಎದೆ ಒಡೆಯುವ ಹೊತ್ತಿಗೆ ಕಡೆಯ ಎಳೆ ಹರಿಯಿತು.

ಬಿಗಿದ ಹಗ್ಗ ಸಡಿಲಾದಾಗ ಮೇಲೆ ಎದ್ದು ನಿಂತಿದ್ದ ಸಾಹೇಬರು ಚಹಾದ ಕಪ್ಪಿನ ಸಮೇತ ನೀರಿಗೆ ಬಿದ್ದರು. ಅವರಿಗೆ ಈಜು ಬರುತ್ತಿರಲಿಲ್ಲ. ನೌಕಾಪಡೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲವಂತೆ. ಬೀರಪ್ಪ ಮೊದಲು ಸಾಹೇಬರನ್ನು ತೆಗೆದ, ಆಮೇಲೆ ಕಪ್ಪನ್ನು. ಕಪ್ಪಿಗಾಗಿ ಇಳಿದಾಗ ಮೀನು ದೂರ ಹೋಗದೆ ಅವನನ್ನು ಒಂದು ಸುತ್ತು ಹಾಕಿತು. ಹತ್ತಿರ ಬಂದು, ಕಣ್ಣು ಅವನ ಕಣ್ಣಿಗೆ ಸರಿಯಾಗಿ ಬಂದಾಗ ತಡೆಯಿತು. ನಂತರ ನೀಲಿಯೊಳಗೆ ಹೋಯಿತು.

ವಿಚಾರಣೆ ಮೂರು ದಿನ ನಡೆಯಿತು. ಮೂವರು ಅಧಿಕಾರಿಗಳು ಯುದ್ಧವನ್ನು ಬದಿಗಿಟ್ಟು ಕುಳಿತರು. ಸರಕಾರದ ಹಗ್ಗವನ್ನು ಯಾಕೆ ಕೊಯ್ದೆ ಎಂದು ಕೇಳಿದರು.

"ಅದರ ಕೊರಳಾಗ ಸಿಕ್ಕಿತ್ರಿ," ಎಂದ ಬೀರಪ್ಪ.

ಮೀನಿನ ಮೇಲಿನ ಕರುಣೆಯನ್ನು ಬರೆಯಲು ಅವರ ಫಾರ್ಮಿನಲ್ಲಿ ಜಾಗವಿರಲಿಲ್ಲ. ಸಾಹೇಬರು ಬಿದ್ದದ್ದನ್ನು ಬರೆಯುವ ಮನಸ್ಸೂ ಇರಲಿಲ್ಲ. ಆದ್ದರಿಂದ, ಈ ಮನುಷ್ಯನಿಗೆ ನೀರಿನ ಭಯವಿದೆ, ಗಾಬರಿಯಲ್ಲಿ ಹಗ್ಗ ಕತ್ತರಿಸಿದ್ದಾನೆ, ನೀರಿನ ಕೆಲಸಕ್ಕೆ ನಾಲಾಯಕ್ ಎಂದು ಬರೆದು, ಮೊಹರು ಹಾಕಿ ಊರಿಗೆ ಕಳಿಸಿದರು. ಸಹಿ ಮಾಡಿದವರು ಕೆಂಪು ಮೂಗಿನ ಸಾಹೇಬರೇ.

ಬೀರಪ್ಪ ಓದು ಬಾರದವನು. ಮೊಹರು ಇದ್ದುದರಿಂದ ಶಾಭಾಸ್‌ಗಿರಿ ಇರಬೇಕೆಂದು ಅದನ್ನು ಶಾಲೆಯ ಶಂಕ್ರಪ್ಪ ಮಾಸ್ತರರ ಕೈಗೆ, ಕಟ್ಟೆಯ ಮೇಲೆ, ಇಪ್ಪತ್ತು ಜನರ ನಡುವೆ ಕೊಟ್ಟ. ಮಾಸ್ತರರು ಇಂಗ್ಲಿಷ್ ಓದುವ ಅವಕಾಶ ಸಿಕ್ಕ ಸಂತೋಷದಲ್ಲಿ ಪೂರ್ತಿ ಓದಿ, ಪೂರ್ತಿ ಕನ್ನಡಕ್ಕೂ ಹೇಳಿಬಿಟ್ಟರು. ಹೇಳಿ ಮುಗಿದ ಮೇಲೆ ಅವರಿಗೆ ತಾವು ಮಾಡಿದ್ದೇನೆಂದು ತಿಳಿಯಿತು.

ಬೀರಪ್ಪ ಮೀನಿನ ಸಂಗತಿ ಹೇಳಿದ. ಯಾರೂ ನಂಬಲಿಲ್ಲ. ಮೊಹರು ಯಾವುದಕ್ಕಿತ್ತೋ ಅದನ್ನು ನಂಬಿದರು. ಹುಟ್ಟಿದಾಗಿನಿಂದ ಅವನು ಬಾವಿಗೆ ಇಳಿದದ್ದನ್ನು ಕಣ್ಣಾರೆ ಕಂಡವರೇ, "ಪಾಪ, ನೀರಂದ್ರ ಅಂಜತಾನಂತ," ಎಂದು ಮಾತಾಡಿಕೊಂಡರು. ಏಳು ತಿಂಗಳು ಅವನನ್ನು ಯಾರೂ ಕರೆಯಲಿಲ್ಲ. ಅವನು ಮತ್ತೆ ಕುರಿಗಳ ಹಿಂದೆ ಹೋದ. ಕುರಿಗಳು ಹಿಂದಿನಂತೆಯೇ ಅವನ ಮಾತು ಕೇಳಲಿಲ್ಲ.

ಆಮೇಲೆ ಮಹಾದೇವಕ್ಕನ ತಾಮ್ರದ ಹಂಡೆ ಬಾವಿಗೆ ಬಿತ್ತು. ಮಹಾದೇವಕ್ಕ ವಿಧವೆ, ಗಟ್ಟಿ ಗಂಟಲಿನವಳು, ನಾಲ್ಕು ದಿನದಲ್ಲಿ ಮಗಳ ಮದುವೆ. ಗಂಡಸರು ಎರಡು ದಿನ ಬುದ್ಧಿ ಹೇಳಿದರು, ಎರಡು ಗರಡಿ ಕಳೆದರು. ಮೂರನೆಯ ದಿನ ಅವಳು ತಾನೇ ಬೀರಪ್ಪನ ಮನೆಗೆ ಬಂದಳು.

"ನೀರಿಗೆ ಅಂಜೂದು ನಿನ್ನ ಕಾಗದದಾಗ ಇರಲಿ. ಹಂಡೇ ತಗದ ಕೊಡು."

"ಕೊಡ್ತೇನಿ. ಮೊದಲ ಮೀನದ ಸುದ್ದಿ ಕೇಳ್ರಿ."

"ಮದವಿ ಮನಿ ಬಿಟ್ಟ ಮೀನದ ಸುದ್ದಿ ಏನಪಾ?"

"ಹಂಗಾರ ಹಂಡೇ ಅಲ್ಲೇ ಇರಲಿ ಬಿಡ್ರಿ."

ಅವಳು ಕುಳಿತು ಕೇಳಿದಳು. ಹಗ್ಗ ಕೊಯ್ದ ಜಾಗಕ್ಕೆ ಬಂದಾಗ ಸೆರಗಿನಿಂದ ಮೂಗು ಒರೆಸಿಕೊಂಡಳು. ನೆಗಡಿ ಎಂದಳು. ಅವನು ಒಂದೇ ಮುಳುಗಿಗೆ ಹಂಡೆಯನ್ನೂ ಎರಡು ಗರಡಿಗಳನ್ನೂ ತಂದ.

ಅಲ್ಲಿಂದ ಅದೇ ಕಟ್ಟಳೆಯಾಯಿತು. ಕೊಡ ಬೇಕಾದರೆ ಮೀನು ಕೇಳಬೇಕು. ಸುತ್ತಲಿನ ಹಳ್ಳಿಗಳಲ್ಲಿ ಕೊಡ ಕಳೆದುಕೊಂಡವರೆಲ್ಲ ಕೇಳಿದರು. ವರ್ಷ ಕಳೆದಂತೆ ಜನರಿಗೆ ಅದು ಎಷ್ಟು ಬಾಯಿಪಾಠವಾಯಿತೆಂದರೆ ಅವನೇ ತಪ್ಪಿದರೆ ತಿದ್ದುತ್ತಿದ್ದರು. ನಂಬುವುದಿಲ್ಲ ಎಂಬುದನ್ನು ಮಾತ್ರ ಬಿಡಲಿಲ್ಲ. ಖಾದರಸಾಬ ಯುದ್ಧ ಮುಗಿದು ಸವಣೂರಿಗೆ ಬಂದ ಮೇಲೆ ಅವನ ಸಾಕ್ಷಿ ಕೇಳಿದರು. ಅವನು ಮೀನು ಹೌದು, ಹಗ್ಗವೂ ಹೌದು, ಆದರೆ ಕೊಯ್ದ ಚಾಕು ತನ್ನದು ಎಂದು ಒತ್ತಿ ಒತ್ತಿ ಹೇಳಿದ. ಇಬ್ಬರೂ ಕೂಡಿ ಸುಳ್ಳು ಹೆಣೆದಿದ್ದಾರೆ ಎಂದು ಊರು ತೀರ್ಮಾನಿಸಿತು.

ಈ ಎಲ್ಲ ವರ್ಷ ಶಂಕ್ರಪ್ಪ ಮಾಸ್ತರರಿಗೆ ಕಟ್ಟೆಯ ಮೇಲೆ ಕಾಗದ ಓದಿದ್ದು ಚುಚ್ಚುತ್ತಿತ್ತು. ೧೯೪೮ರಲ್ಲಿ ಅವರು ಧಾರವಾಡಕ್ಕೆ ಹೋದಾಗ ಹಳೆಯ ಪುಸ್ತಕದ ಅಂಗಡಿಯಲ್ಲಿ ಸಮುದ್ರದ ಪ್ರಾಣಿಗಳ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಒಂದು ಪುಟದಲ್ಲಿ ಬೀರಪ್ಪ ಹೇಳಿದ ಎಲ್ಲವೂ ಇತ್ತು. ಅಗಲ, ಕೊಂಬು, ಬಿಳಿ ಹೊಟ್ಟೆ. ಮಾಸ್ತರರು ಬಸ್ಸಿನಲ್ಲಿ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಬಂದು, ಸಂಜೆ ಕಟ್ಟೆಯ ಮೇಲೆ ಜನ ಸೇರಿಸಿ, ಬೀರಪ್ಪನನ್ನೂ ದ್ಯಾಮವ್ವನನ್ನೂ ಕರೆಸಿದರು.

"ನೋಡ್ರಿ ಎಲ್ಲಾರೂ. ಈ ಮನಷ್ಯಾ ಐದು ವರ್ಷ ಖರೇನ ಹೇಳಾಕತ್ತಿದ್ದ," ಎಂದು ಪುಟ ತೆರೆದು ಬೀರಪ್ಪನ ಮುಂದೆ ಹಿಡಿದರು.

ಅದು ಫೋಟೋ. ಹಡಗುಕಟ್ಟೆಯ ಮೇಲೆ ಕಬ್ಬಿಣದ ಕೊಕ್ಕೆಗೆ ಮೀನನ್ನು ತಲೆಕೆಳಗಾಗಿ ನೇತುಹಾಕಿದ್ದರು. ರೆಕ್ಕೆಗಳು ಒದ್ದೆ ಚೀಲದಂತೆ ಜೋತುಬಿದ್ದಿದ್ದವು. ಬಾಯಿಯಿಂದ ಏನೋ ಸೋರಿ ನೆಲ ಕಪ್ಪಾಗಿತ್ತು. ಪಕ್ಕದಲ್ಲಿ ಟೋಪಿ ಹಾಕಿದ ಒಬ್ಬ ಸಾಹೇಬ, ಅಳತೆ ತಿಳಿಯಲೆಂದು, ಕೈ ಸೊಂಟಕ್ಕಿಟ್ಟು ನಗುತ್ತ ನಿಂತಿದ್ದ.

ಬೀರಪ್ಪ ಬಹಳ ಹೊತ್ತು ನೋಡಿದ. "ಇದಲ್ರಿ," ಎಂದ.

"ಅಲ್ಲೋ ಬೀರಪ್ಪ, ನೀ ಹೇಳಿದ್ದೆಲ್ಲಾ ಇದರಾಗ ಐತಲ್ಲೋ. ಛಲೋತ್ನಂಗ ನೋಡು."

"ನೋಡಿದ್ನಿರಿ. ಇದಲ್ಲ."

ಜನ ನಕ್ಕರು. ಅವನ ಬಾಯಿಂದಲೇ ಸುಳ್ಳು ಹೊರಬಿತ್ತೆಂದು ಕಟ್ಟೆಯ ಮೇಲೆ ಅಂದು ಎಲ್ಲರಿಗೂ ತೃಪ್ತಿಯಾಯಿತು. ಮಾಸ್ತರರು ಪುಸ್ತಕ ಮುಚ್ಚಿ, ಮೇಲಿನ ಧೂಳನ್ನು ಧೋತರದ ತುದಿಯಿಂದ ಒರೆಸಿ, ಎದ್ದು ಹೋದರು.

ಮನೆಗೆ ಹೋಗುವ ದಾರಿಯಲ್ಲಿ ದ್ಯಾಮವ್ವ ಕೇಳಿದಳು. "ಅದ ಹೌದಲ್ರಿ?"

"ಹೂಂ."

"ಮತ್ಯಾಕ ಅಲ್ಲ ಅಂದ್ರಿ? ಇಷ್ಟ ವರ್ಷಕ್ಕ ಒಬ್ಬರು ನಂಬಾಕ ಬಂದಿದ್ರು."

ಬೀರಪ್ಪ ದಾರಿಯ ನಡುವೆ ನಿಂತ. "ಅದು ಹಂಗ ಜೋತು ಬೀಳೂದಿಲ್ಲ," ಎಂದ. ಎರಡೂ ಕೈ ಅಗಲಿಸಿ, ಅದು ಹೇಗೆ ಮೇಲೇಳುತ್ತದೆ, ಹೇಗೆ ಇಳಿಯುತ್ತದೆ ಎಂದು ಅವಳಿಗೆ ತೋರಿಸಿದ.