ಗದ್ದೆಯ ನಡುವಿನ ಮಂಟಪ

ಹೋದ ಭಾನುವಾರ ಗೆಳತಿಗೆ ಊರು ತೋರಿಸಲು ಹೊರಟ ನಾನು, ಮಧ್ಯಾಹ್ನದ ಹೊತ್ತಿಗೆ ಒಂದು ಟ್ರ್ಯಾಕ್ಟರಿಗೆ ಅಡ್ಡ ಕೂತಿದ್ದೆ. (ನಿಜ ಹೇಳಬೇಕೆಂದರೆ ಮೊದಲು ಕೂತವಳು ಬೇರೆ. ನಾನು ಆಮೇಲೆ ಸೇರಿಕೊಂಡವಳು.)

ಗೆಳತಿ ಸ್ಟೆಲ್ಲಾ ಮಂಗಳೂರಿನವಳು, ಕಾಲೇಜಿನಲ್ಲಿ ನನ್ನ ರೂಮ್‌ಮೇಟ್ ಆಗಿದ್ದವಳು. ರೈಲಿನಲ್ಲಿ ಯಾವುದೋ ಇಂಗ್ಲಿಷ್ ಮ್ಯಾಗಜಿನ್ ಓದಿಕೊಂಡು ಬಂದಿದ್ದಳು. ಇಂಗ್ಲೆಂಡಿನಲ್ಲಿ ಪ್ರತಿ ಹಳ್ಳಿಗೂ ಒಂದು ಹಳೇ ಚರ್ಚು, ಒಂದು ಹಳೇ ಪಬ್ಬು, ನೋಡಲು ಒಂದಿಷ್ಟು ಹಳೇ ಕಲ್ಲು ಇರುತ್ತವಂತೆ. "ನಿಮ್ಮ ಹೊಸಪೇಟೆ ಸುತ್ತ ಏನಿದೆ?" ಎಂದಳು.

ಹಳೇ ಕಲ್ಲಿನ ವಿಷಯದಲ್ಲಿ ನಮ್ಮನ್ನು ಕೆಣಕುವುದೇ?

ಬೆಳಿಗ್ಗೆ ಮೊದಲು ಡ್ಯಾಮ್ ಕಾಲೋನಿಯ ಪುಟ್ಟ ಚರ್ಚಿಗೆ ಹೋದೆವು. ಡ್ಯಾಮ್ ಕಟ್ಟಲು ಎಲ್ಲೆಲ್ಲಿಂದಲೋ ಬಂದು ಇಲ್ಲೇ ಉಳಿದವರ ಚರ್ಚು ಅದು. ಒಂದೇ ಬೆಂಚಿನಲ್ಲಿ ತಮಿಳು, ತೆಲುಗು, ಕನ್ನಡ. ಸ್ಟೆಲ್ಲಾ ಹೋಗಿ ಕೊಂಕಣಿ ಸೇರಿಸಿದಳು. ಅಲ್ಲಿಂದ ಬಸ್ಸು ಹಿಡಿದು ಹಂಪಿ. ಹಂಪಿಯಿಂದ ಕಂಪ್ಲಿ ರಸ್ತೆ.

ಪಬ್ಬಿನ ಬದಲು ರಸ್ತೆ ಬದಿಯ ಮಿರ್ಚಿ ಅಂಗಡಿ ತೋರಿಸಿದೆ. ಬುಲೆಟ್ ನಿಲ್ಲಿಸಿಕೊಂಡು, ಭತ್ತದ ರೇಟಿನಿಂದ ದಿಲ್ಲಿ ರಾಜಕೀಯದವರೆಗೆ ಹರಟುವ ರೈತರು. ಕುಡಿಯಲು ಮಾತ್ರ ಚಾ. ಸ್ಟೆಲ್ಲಾ ಪಾಸ್ ಮಾರ್ಕ್ಸ್ ಕೊಟ್ಟಳು.

ಅಲ್ಲೇ ಹತ್ತಿರ ನನ್ನ ಚಿಕ್ಕಮ್ಮನ ಮಗಳು ಗಂಗಮ್ಮನ ಗದ್ದೆ. ಗದ್ದೆಯ ನಡುವೆ ನಾಲ್ಕು ಕಂಬದ ಒಂದು ಕಲ್ಲುಮಂಟಪ. ಬೋರ್ಡಿಲ್ಲ, ಗೈಡಿಲ್ಲ, ದೇವರೂ ಇಲ್ಲ. ಅದನ್ನೂ ತೋರಿಸೋಣವೆಂದು ಬದುವಿನ ಮೇಲೆ ನಡೆದು ಹೋದರೆ, ಮಂಟಪದ ಮುಂದೆ ಟ್ರ್ಯಾಕ್ಟರ್ ಗುರುಗುಡುತ್ತಿತ್ತು. ಒಂದು ಕಂಬಕ್ಕೆ ಕಬ್ಬಿಣದ ಚೈನು ಬಿಗಿದಿತ್ತು.

"ಬರ್ರಿ ಬರ್ರಿ, ಒಳ್ಳೆ ಟೈಮಿಗೆ ಬಂದ್ರಿ," ಎಂದ ಗಂಗಮ್ಮನ ಗಂಡ ಈರಣ್ಣ. "ಈ ಚಪ್ಪಡಿ ಹೊಸ ಮನಿ ಮುಂದಿನ ಕಟ್ಟಿಗೆ ಬರ್ತಾವ. ಟ್ರ್ಯಾಕ್ಟರ್ ತಿರುಗಾಕೂ ಜಾಗ ಆಕ್ಕೈತಿ."

ನಾನು ಸುಮ್ಮನಿರುವವಳೇ? ಇತಿಹಾಸ, ಪರಂಪರೆ ಎಂದು ದೊಡ್ಡ ಭಾಷಣವನ್ನೇ ಬಿಗಿದೆ.

ಈರಣ್ಣ ಕೊನೆಯವರೆಗೆ ಕೇಳಿಸಿಕೊಂಡ. "ಅಕ್ಕಾರ, ಹಂಪ್ಯಾಗ ಇಂಥಾವು ಬೇಕಾದಷ್ಟು ಅದಾವ. ನಮ್ಮ ನಾಕು ಕಂಬ ಇಲ್ಲಂದ್ರ ನಿಮ್ಮ ಇತಿಹಾಸಕ್ಕ ಏನು ಕಡಿಮಿ ಆಕ್ಕೈತಿ?"

"ಸರ್ಕಾರಕ್ಕೆ ಅರ್ಜಿ ಬರೀತೀನಿ," ಎಂದೆ.

ಅಷ್ಟರಲ್ಲಿ ಕಳೆ ತೆಗೆಯುವ ಹೆಂಗಸರಿಗೆ ಬುತ್ತಿ ಹೊತ್ತುಕೊಂಡು ಗಂಗಮ್ಮ ಬಂದಳು. ಟ್ರ್ಯಾಕ್ಟರ್ ನೋಡಿದಳು. ಚೈನು ನೋಡಿದಳು. ಗಂಡ ಇವತ್ತೇ ಕೈಹಾಕುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲ. "ನೀ ಅರ್ಜಿ ಬರಿಯವ್ವ, ನಾ ಕುಂದ್ರತೀನಿ," ಎಂದು ಬುಟ್ಟಿ ಇಳಿಸಿ, ಚೈನು ಬಿಗಿದ ಕಂಬಕ್ಕೇ ಬೆನ್ನು ಕೊಟ್ಟು ಕೂತಳು.

"ಗಂಗೀ, ಏಳು. ಚೈನ್ ಎಳೀಬೇಕು."

"ಎಳಿ."

"ಮಂದಿ ನೋಡಾಕತ್ತಾರ."

"ನೋಡ್ಲಿ. ಸರೋಜಾ ಹುಟ್ಟಿದಾಗೂ ಇಲ್ಲೇ ನಿಂತು ನೋಡಿದ್ರು."

ಸರೋಜಾ ಇವರ ಒಬ್ಬಳೇ ಮಗಳು. ಅವಳು ಹುಟ್ಟಿದ ವರ್ಷ ನಾಟಿ ಮಾಡುತ್ತಿದ್ದಾಗಲೇ ಗಂಗಮ್ಮನಿಗೆ ನೋವು ಬಂತು. ಜೊತೆಗೆ ಜಡಿಮಳೆ. ಹೆಂಗಸರು ಅವಳನ್ನು ಎತ್ತಿಕೊಂಡು ಬಂದು ಈ ಮಂಟಪದೊಳಗೆ ಮಲಗಿಸಿ, ಸುತ್ತ ಸೀರೆ ಕಟ್ಟಿದರು. ಈರಣ್ಣ ನರ್ಸಮ್ಮನನ್ನು ಕರೆತರಲು ಕಂಪ್ಲಿಗೆ ಓಡಿದ. ವಾಪಸ್ ಬರುವಷ್ಟರಲ್ಲಿ ಕೂಸು ಅಳುತ್ತಿತ್ತು.

"ಅವತ್ತು ತಲಿ ಮ್ಯಾಲೆ ಇದು ಇರಲಿಲ್ಲಂದ್ರ ಕೂಸೂ ಇಲ್ಲ, ನಾನೂ ಇಲ್ಲ," ಎಂದಳು ಗಂಗಮ್ಮ.

ಈರಣ್ಣನ ದನಿ ತಗ್ಗಿತು. "ಆ ಸರೋಜಾನ ಮದುವಿಗೇ ಅಲ್ಲೇನು ನಾ ಮನಿ ಕಟ್ಟಾಕತ್ತಿದ್ದು? ಹೆಣ್ಣು ನೋಡಾಕ ಬಂದೋರು ಹಳೇ ಮನಿ ನೋಡಿ ಏನಂತಾರ?"

"ನೀ ಹುಟ್ಟಿದ ಜಾಗ ಒಡದು ನಿನ್ನ ಮದುವಿಗೆ ಮನಿ ಮುಂದ ಕಟ್ಟಿ ಹಾಕೀನಿ ಅಂತ ಅಕಿಗೆ ಹೇಳ್ತಿಯೇನು?"

ಕಳೆ ತೆಗೆಯುತ್ತಿದ್ದ ಹೆಂಗಸರು ಕೈ ತೊಳೆದುಕೊಂಡು ಬಂದು ಗಂಗಮ್ಮನ ಸುತ್ತ ಕೂತು ಬುತ್ತಿ ಬಿಚ್ಚಿದರು. ಸ್ಟೆಲ್ಲಾ ಚಪ್ಪಲಿ ಬಿಟ್ಟು ಹೋಗಿ ಅವರ ಮಧ್ಯೆ ಕೂತಳು. ನಾನೂ ಕೂತೆ. ಡ್ರೈವರ್ ಎಂಜಿನ್ ಆಫ್ ಮಾಡಿ, "ನನಗೂ ಒಂದು ರೊಟ್ಟಿ ಇರ್ಲಿ ಅಕ್ಕಾ," ಎಂದ.

ಈರಣ್ಣ ಬದುವಿನ ಮೇಲೆ ಬಹಳ ಹೊತ್ತು ನಿಂತೇ ಇದ್ದ. ಆಮೇಲೆ ತಾನೇ ಬಂದು ಚೈನು ಬಿಚ್ಚತೊಡಗಿದ. ಕೊಂಡಿ ಸಿಕ್ಕಿಕೊಂಡಿತ್ತು. ಹೆಂಡತಿಯ ಮುಖ ನೋಡದೆ ಅದರೊಂದಿಗೆ ಗುದ್ದಾಡಿ ಬಿಚ್ಚಿದ. "ನಾಳಿ ಕಲ್ಲಿನ ಕ್ವಾರಿಗೆ ಹೋಗಿ ಚಪ್ಪಡಿ ಕೇಳ್ತೀನಿ," ಎಂದು ಯಾರಿಗೋ ಎಂಬಂತೆ ಹೇಳಿದ.

ಗಂಗಮ್ಮ ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ ಹಾಕಿ ಕೈ ಚಾಚಿದಳು. ಅವನು ಹೊರಗೇ ನಿಂತು ತಿನ್ನತೊಡಗಿದ. ಬಿಸಿಲು ಭಾರೀ ಇತ್ತು. ಸ್ವಲ್ಪ ಹೊತ್ತಿಗೆ ಒಳಗೆ ಬಂದು ಕೂತ.

ಡ್ಯಾಮಿನ ಕಾಲುವೆ ಬಂದ ಮೇಲೆ ನಮ್ಮ ಕಡೆ ಹೊಸ ಮನೆಗಳು ಭರದಿಂದ ಏಳುತ್ತಿವೆ. ಏಳಲಿ, ಸಂತೋಷ. ಆದರೆ ಮನೆ ಮುಂದಿನ ಕಟ್ಟೆಯ ಕಲ್ಲು ಎಲ್ಲಿಂದ ಬಂತು ಎಂದು ನಾವು ಯಾರಾದರೂ ಕೇಳುತ್ತೇವೆಯೇ? ಎಲ್ಲ ಗದ್ದೆಯಲ್ಲೂ ಒಬ್ಬ ಗಂಗಮ್ಮ ಇರುವುದಿಲ್ಲ. ಅದಕ್ಕೇ ಆಡಿದ ಮಾತಿನಂತೆ, ಇಂಥ ಮಂಟಪಗಳನ್ನು ಉಳಿಸಿ ಎಂದು ಸರ್ಕಾರಕ್ಕೆ ಅರ್ಜಿ ಬರೆದಿದ್ದೇನೆ. ಉತ್ತರ ಬರದಿದ್ದರೆ ಮತ್ತೆ ಬರೆಯುತ್ತೇನೆ. ಬಿಡುವವಳಲ್ಲ.

ಆದರೆ ಉತ್ತರ ಬರುವವರೆಗೆ ಕಾಯುವ ಪುರುಸೊತ್ತು ಟ್ರ್ಯಾಕ್ಟರುಗಳಿಗೆ ಇದೆಯೇ?