ಅಪ್ಪ ಹಾಕಿಸಿದ ಚೈನು

ಇವತ್ತು ಚಂದಾಪುರದಲ್ಲಿ ಬ್ಯಾಗು ರಿಪೇರಿಗೆ ಕೊಟ್ಟೆ. ಅಂಗಡಿಯ ಹಳೇ ರೆಕ್ಸಿನ್ ವಾಸನೆ ಮೂಗಿಗೆ ಬಡಿದದ್ದೇ ತಡ, ಪೀಣ್ಯದ ನಮ್ಮ ವಠಾರ ನೆನಪಾಯಿತು.

“ಹಬ್ಬಕ್ಕೆ ನಿಂಗೊಂದು ಚೈನ್ ಹಾಕಿಸ್ತೀನಿ ಕಣೇ” ಎಂದಿದ್ದರು ಅಪ್ಪ, ಫ್ಯಾಕ್ಟರಿಯ ಗ್ರೀಸ್ ಅಂಟಿದ್ದ ಕೈ ತೊಳೆಯುತ್ತಾ. ನಾನು ಬರಿಗೊರಳು ಸವರಿಕೊಂಡು ವಠಾರದ ಹುಡುಗಿಯರಿಗೆಲ್ಲ ಸಾರಿಬಂದೆ. ಅಮ್ಮ ಕೇಳಿಸಿಕೊಂಡೂ ಸುಮ್ಮನಿದ್ದಳು.

ಹಬ್ಬದ ಬೆಳಿಗ್ಗೆ ಅಪ್ಪ ನನ್ನ ಸ್ಕೂಲ್ ಬ್ಯಾಗನ್ನೇ ತಂದು ಮುಂದಿಟ್ಟರು. ಪಿನ್ನು ಚುಚ್ಚಿಕೊಂಡಿದ್ದ ಅದರ ಬಾಯಿಗೆ ಹೊಸ ಜಿಪ್ಪು. “ನೋಡು, ಎಷ್ಟು ಗಟ್ಟಿ ಚೈನು!” ಎಂದು ಸರ್ರನೆ ಎಳೆದು ತೋರಿಸಿದರು. ಅಮ್ಮ ಸೆರಗು ಬಾಯಿಗಿಟ್ಟು ನಕ್ಕಳು.

ಅಪ್ಪ ಸುಳ್ಳು ಹೇಳಿರಲಿಲ್ಲ. ಆದರೆ ಅಮ್ಮನಿಗೆ ಮೊದಲೇ ಗೊತ್ತಿತ್ತು. ಅದನ್ನು ನಾನಿನ್ನೂ ಕ್ಷಮಿಸಿಲ್ಲ.

“ಮೇಡಂ, ಚೈನ್ ಹೋಗಿದೆ” ಅಂದ ಅಂಗಡಿಯವನು. ನನ್ನ ಕೈ ಕೊರಳಿಗೆ ಹೋಯಿತು.